ತೆರೆಯ ಹಿಂದಿನ ಬೇಟೆಗಾರ

ಭಯಾನಕವಾದ ಕಥೆಗಳನ್ನು ಬರೆದವನ ಬಾಳೂ ಭಯಾನಕವಾಗಿಯೇ ಇದ್ದಿರಬೇಕೆಂಬ ನಂಬಿಕೆಯೊಂದು ಓದುಗರಲ್ಲಿ ಬೇರೂರಿರುವುದಕ್ಕೆ ಮುಖ್ಯ ಕಾರಣನಾದವನು ಎಡ್ಗರ್ ಆಲನ್ ಪೋ. ಮೂರು ವರ್ಷ ತುಂಬುವ ಮೊದಲೇ ತಾಯಿಯನ್ನು ನೀಗಿಕೊಂಡು, ಸಾಕಿದಾತನೊಡನೆ ಮುರಿದುಕೊಂಡು, 1847ರಲ್ಲಿ ಎಳೆಹರೆಯದ ಹೆಂಡತಿ ಕ್ಷಯದಿಂದ ಸಾಯುವುದನ್ನು ಕಂಡು, 1849ರ ಅಕ್ಟೋಬರಿನಲ್ಲಿ ಬಾಲ್ಟಿಮೋರಿನಲ್ಲಿ ಮತಿಗೆಟ್ಟ ಸ್ಥಿತಿಯಲ್ಲಿ ಸಿಕ್ಕಿ ನಾಲ್ಕೇ ದಿನಗಳಲ್ಲಿ ತೀರಿಕೊಂಡ ಆ ದುರ್ದೈವಿಯ ಚರಿತ್ರೆಗೆ, ಅವನ ಕೃತಿಗಳ ಸಂಪಾದಕನಾಗಿ ಬಂದ ಗ್ರಿಸ್‌ವೋಲ್ಡನೆಂಬ ಹಗೆಯೇ ಮಸಿ ಬಳಿದನು. ಆ ಮಸಿಯೇ ಕಾಲಾಂತರದಲ್ಲಿ ಪ್ರಭಾವಳಿಯಾಯಿತು. ಜನರಿಗೆ ಕಥೆಗಿಂತ ಕಥೆಗಾರನ ಸಂಕಟವೇ ರುಚಿಸಿತು.

ಈ ಅಳತೆಗೋಲನ್ನು ಹಿಡಿದು ಕುಮಟೆಯ ಸೀಮೆಗೆ ಬಂದವನು ಪೆಚ್ಚಾಗುತ್ತಾನೆ. ಕನ್ನಡದಲ್ಲಿ ಭಯವನ್ನೇ ಸ್ಥಾಯಿಯಾಗಿಸಿಕೊಂಡು ಬರೆದವರಲ್ಲಿ ಅಗ್ರಗಣ್ಯರೆಂದು ನಾನು ಎಣಿಸುವ ಯಶವಂತ ಚಿತ್ತಾಲರು (1928–2014) ಆ ತಾಲೂಕಿನ ಹನೇಹಳ್ಳಿಯವರು. ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯ ಕಂಪನಿಯಲ್ಲಿ ಉದ್ಯೋಗ ಮಾಡಿ, ಹೊರನೋಟಕ್ಕೆ ಸಂಭಾವಿತ ಗೃಹಸ್ಥರ ಬಾಳನ್ನು ಬಾಳಿದವರು. ಅವರ ಬರಹದಲ್ಲಿ ದೆವ್ವಗಳ ಮೆರವಣಿಗೆಯಿಲ್ಲ. ಹಾಗಾದರೆ ಆ ನಡುಕ ಎಲ್ಲಿಂದ ಬಂದಿತು?

ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟೆಯವರೆಗೆ ಹಬ್ಬಿದ ಈ ಕರಾವಳಿಯಲ್ಲಿ ಭಯಕ್ಕೆ ನೆಲೆಯಾದ ಜಾಗಗಳಿಗೆ ಕೊರತೆಯಿಲ್ಲ. ಗಡಿಗಡಿಗೊಬ್ಬ ಜಟಗ, ತೋಟದಂಚಿಗೊಬ್ಬಳು ಚೌಡಿ, ಹರಕೆ ತಪ್ಪಿದರೆ ಕಾಡುವ ಮಾಸ್ತಿ. ಆದರೆ ಭಯವನ್ನು ಕಲೆಯಾಗಿಸಿದ್ದು ಯಕ್ಷಗಾನದ ಆಟ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದ ಈ ಹೊನ್ನಾವರದ ನೆಲದಲ್ಲಿ, ಕೊಯ್ಲಾದ ಗದ್ದೆಯ ಮೇಲೆ ಕುಳಿತು ಬಣ್ಣದ ವೇಷದ ಪ್ರವೇಶವನ್ನು ನೋಡಿದ ಮಗುವಿಗೆ ನಾನು ಹೇಳಬಂದುದು ಕೂಡಲೇ ಅರ್ಥವಾದೀತು. ರಾಕ್ಷಸನು ಥಟ್ಟನೆ ಬರುವುದಿಲ್ಲ. ಮೊದಲು ಚಂಡೆ, ಇಬ್ಬರು ಹಿಡಿದ ತೆರೆ, ಅದರ ಹಿಂದೆ ಒಂದು ಆರ್ಭಟ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಂಡೂ ಕಾಣದಂತೆ ಅಲುಗುತ್ತದೆ, ದೊಂದಿಗೆ ಎರಚಿದ ರಾಳದ ಪುಡಿ ಭುಗ್ಗೆಂದು ಉರಿದು ಆರುತ್ತದೆ. ಕೊನೆಗೆ ತೆರೆ ಸರಿದು, ಅಕ್ಕಿಹಿಟ್ಟು ಸುಣ್ಣಗಳ ಮುಳ್ಳುಮುಳ್ಳಾದ ಮುಖ ಪೂರ್ತಿ ಕಂಡಾಗ, ನಿಜ ಹೇಳಬೇಕೆಂದರೆ, ಭಯ ಅರ್ಧ ಇಳಿದೇ ಹೋಗಿರುತ್ತದೆ.

ಚಿತ್ತಾಲರು ಮಾಡಿದ್ದು ಇಷ್ಟೇ: ತೆರೆಯನ್ನು ಸರಿಸಲಿಲ್ಲ. 1979ರ ‘ಶಿಕಾರಿ’ಯ ನಾಗಪ್ಪ ರಾಸಾಯನಿಕ ಕಂಪನಿಯ ಅಧಿಕಾರಿ, ತಾನು ಮಾಡಿದ ಅಪರಾಧವೇನೆಂದು ತಿಳಿಯದೆಯೇ ಅಮಾನತಿಗೆ ಒಳಗಾಗುತ್ತಾನೆ. ಅಲ್ಲಿಂದ ಮುಂದೆ ದೂರವಾಣಿಯ ಗಂಟೆ, ಸಹೋದ್ಯೋಗಿಯ ನಗೆ, ಸದರದಲ್ಲಿ ಕೇಳಿದ ಕುಶಲಪ್ರಶ್ನೆ, ಎಲ್ಲವೂ ತೆರೆಯ ಹಿಂದಿನ ಸದ್ದುಗಳೇ. ಬೀಭತ್ಸದಿಂದ ಭಯಾನಕವು ಹುಟ್ಟುತ್ತದೆಂದು ಭರತಮುನಿ ಹೇಳಿದ್ದನ್ನು ರಣರಂಗದ ಕರುಳುಮಾಲೆಗಳಿಗೆ ಮಾತ್ರ ಅನ್ವಯಿಸಿ ಓದಿದ ನಮಗೆ, ಪರರ ಖಾಸಗಿ ಬದುಕನ್ನು ಕೆದಕಿ ಚಪ್ಪರಿಸುವ ನಾಲಗೆಯ ಬೀಭತ್ಸದಿಂದಲೂ ಅದೇ ರಸ ಹುಟ್ಟಬಲ್ಲುದೆಂದು ತೋರಿಸಿದ ಕಾದಂಬರಿಯಿದು. ಈ ನಾಲಗೆಯ ಪರಿಚಯ ಅವರಿಗೆ ಮುಂಬಯಿಯಲ್ಲಾದುದಲ್ಲ. 1964ರ ‘ಮೂರು ದಾರಿಗಳು’ ಕಾದಂಬರಿಯಲ್ಲಿ ಹುಡುಗಿಯೊಬ್ಬಳನ್ನು ಬಲಿ ತೆಗೆದುಕೊಳ್ಳುವುದು ಊರಿನ ಬಾಯಿಯೇ. ಜಟಗನಿಗಾದರೆ ಒಂದು ಕೋಳಿ ಕೊಟ್ಟು ಸಮಾಧಾನ ಮಾಡಬಹುದು. ಊರ ಬಾಯಿಗೆ ಯಾವ ಹರಕೆ?

ಮೆಚ್ಚಿದೆನೆಂದು ದೋಷವನ್ನು ಮುಚ್ಚಲಾರೆ. ನಾಗಪ್ಪನ ಸಂಶಯ ಹಲವು ಕಡೆ ತನ್ನನ್ನು ತಾನೇ ವ್ಯಾಖ್ಯಾನಿಸಿಕೊಳ್ಳುತ್ತ ಕೂತುಬಿಡುತ್ತದೆ; ಮನಶ್ಶಾಸ್ತ್ರದ ಪರಿಭಾಷೆ ಬಂದು ಕುಳಿತಲ್ಲೆಲ್ಲ ಭಯವು ಎದ್ದು ಹೊರನಡೆಯುತ್ತದೆ. ‘ಪುರುಷೋತ್ತಮ’ ಕಾದಂಬರಿಯ ಗಾತ್ರದಲ್ಲಿಯೂ ಈ ವ್ಯಾಧಿಯಿದೆ. ಸಣ್ಣಕಥೆಗಳಲ್ಲಿ ಮಾತ್ರ, ಜಾಗ ಸಾಲದೆ ಹೋದದ್ದರಿಂದಲೋ ಏನೋ, ಅವರು ಹೆಚ್ಚು ಕ್ರೂರರು, ಆದುದರಿಂದ ಹೆಚ್ಚು ಶ್ರೇಷ್ಠರು. 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ‘ಕಥೆಯಾದಳು ಹುಡುಗಿ’ ಎಂಬ ಕಥಾಸಂಕಲನಕ್ಕೆ ಸಂದುದು ಉಚಿತವೇ ಆಯಿತು.

ಅವರ ಪ್ರಭಾವವನ್ನು ಅನುಕರಣದಲ್ಲಿ ಹುಡುಕಬಾರದು. ಗೋಕರ್ಣದ ಜಯಂತ ಕಾಯ್ಕಿಣಿಯವರು, ತಾವೂ ಜೀವರಸಾಯನಶಾಸ್ತ್ರವನ್ನು ಓದಿ ಮುಂಬಯಿಗೆ ನೌಕರಿಗೆ ಹೋದವರಾದರೂ, ಅದೇ ನಗರದ ಅಪರಿಚಿತರಲ್ಲಿ ಬೇಟೆಗಾರರನ್ನು ಕಾಣದೆ ಬಂಧುಗಳನ್ನು ಕಂಡರು. ಚಿತ್ತಾಲರಿಗೆ ಇದಕ್ಕಿಂತ ಸೊಗಸಾದ ಪ್ರತ್ಯುತ್ತರವಿಲ್ಲ. ಇದೇ ಜಿಲ್ಲೆಯ ವಿವೇಕ ಶಾನಭಾಗರಾದರೋ ಭಯವನ್ನು ಕಚೇರಿಯಿಂದ ಅಡಿಗೆಮನೆಗೆ ತಂದರು. 2013ರ ‘ಘಾಚರ್ ಘೋಚರ್’ನಲ್ಲಿ ಕೊಲೆಯ ಮಾತನ್ನು ಯಾರೂ ಎತ್ತರದ ದನಿಯಲ್ಲಿ ಆಡುವುದಿಲ್ಲ, ಒಂದು ಸಾಧಾರಣ ಸಂಸಾರದ ಮಂದಿ ತಮ್ಮ ಹಳೆಯ ಮನೆಯಲ್ಲಿ ಇರುವೆಗಳ ಸಾಲನ್ನು ಹುಡುಕಿ ಹುಡುಕಿ ಕೊಲ್ಲುತ್ತಾರೆ, ಮತ್ತು ಆ ಕೆಲಸದಲ್ಲಿ ಅವರಿಗೆ ಬೇಸರವೇ ಬರುವುದಿಲ್ಲ.