ಪರತಂತ್ರ ಕಣಜಗಳ ಲಕ್ಷಣವಿಮರ್ಶೆ

ವಸ್ತುವಿಗೆ ಹೆಸರಿಡುವುದು ಸುಲಭ. ಆ ಹೆಸರಿಗೆ ನಿರ್ದುಷ್ಟವಾದ ಲಕ್ಷಣವನ್ನು ಹೇಳುವುದು ಕಷ್ಟ. ಲಕ್ಷ್ಯದ ಒಂದಂಶವನ್ನು ಬಿಟ್ಟರೆ ಅವ್ಯಾಪ್ತಿ. ಲಕ್ಷ್ಯವನ್ನು ಮೀರಿ ಅನ್ಯತ್ರ ಸಂದರೆ ಅತಿವ್ಯಾಪ್ತಿ. ತರ್ಕಶಾಸ್ತ್ರದ ಈ ಒರೆಗಲ್ಲು ಘಟಪಟಗಳಿಗೆ ಮಾತ್ರವಲ್ಲದೆ ಕಬ್ಬಿನ ಗದ್ದೆಗೂ ಸಲ್ಲುವುದೆಂಬುದಕ್ಕೆ ಟ್ರೈಕೋಗ್ರಾಮವೆಂಬ ಕಣಜವೇ ನಿದರ್ಶನವಾಗಿದೆ.

ಬೆಳಗಾವಿಯ ಟಿಳಕವಾಡಿಯಿಂದ ಖಾನಾಪುರದ ಮಾರ್ಗವನ್ನು ಹಿಡಿದವರಿಗೆ ಊರು ಕಳೆದ ಬಳಿಕ ಬತ್ತವೂ ಕಬ್ಬೂ ಎದುರಾಗುತ್ತವೆ. ಕಬ್ಬಿನ ಸುಳಿ ಕೊರೆಯುವ ಹುಳುವಿನ ತತ್ತಿಯೊಳಗೆ ತನ್ನ ತತ್ತಿಯನ್ನಿಟ್ಟು, ಶತ್ರುವನ್ನು ಹುಟ್ಟುವ ಮೊದಲೇ ಅಳಿಸುವುದು ಈ ಕಣಜದ ಸ್ವಭಾವ. ಇದರ ಉದ್ದ 1 ಮಿ.ಮೀ.ಗಿಂತಲೂ ಕಡಿಮೆ. ಅಕ್ಕಿಪತಂಗದ ತತ್ತಿಗಳಲ್ಲಿ ಇದನ್ನು ಬೆಳೆಸಿ, ಆ ತತ್ತಿಗಳನ್ನು ರಟ್ಟಿಗೆ ಅಂಟಿಸಿ ರೈತರಿಗೆ ಒದಗಿಸುವರು. ರಟ್ಟಿನಿಂದ ಹೊರಡುವುದು ಉದ್ದಿಷ್ಟ ಜಾತಿಯೋ ಅನ್ಯವೋ ಎಂಬುದನ್ನು ರೈತನ ಕಣ್ಣು ನಿರ್ಣಯಿಸಲಾರದು. ಪ್ರಾಜ್ಞರ ಕಣ್ಣೂ ಬಹುಕಾಲ ನಿರ್ಣಯಿಸಲಿಲ್ಲ.

ಮೊದಲಿನ ಲಕ್ಷಣ ಮೈಬಣ್ಣ. ಉಷ್ಣತೆಗೆ ತಕ್ಕಂತೆ ಬಣ್ಣವು ಬದಲಾಗುವುದರಿಂದ ಅದು ನಿಲ್ಲಲಿಲ್ಲ. ಬೆಂಗಳೂರಿನ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಕೇಂದ್ರದಲ್ಲಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಇವರು ಗಂಡಿನ ಜನನಾಂಗದ ರಚನೆಯೇ ಭೇದಕವೆಂಬುದನ್ನು 1971ರಲ್ಲಿ ಸವಿಸ್ತಾರವಾಗಿ ತೋರಿಸಿದರು. ಭಾರತದಲ್ಲಿ ಆಸ್ಟ್ರಾಲಿಕಮ್ ಎಂದು ಕರೆಯಲ್ಪಡುತ್ತಿದ್ದುದು ವಸ್ತುತಃ ಆ ಜಾತಿಯಲ್ಲವೆಂದು ತಿಳಿದುಬಂದು, 1976ರಲ್ಲಿ ಅದಕ್ಕೆ ಕನ್ಫ್ಯೂಸಮ್ ಎಂಬ ಹೆಸರಾಯಿತು. 1941ರಲ್ಲಿ ಇಶೀ ಎಂಬವರು ಇಟ್ಟ ಕಿಲೋನಿಸ್ ಎಂಬ ಹೆಸರೇ ಇದಕ್ಕೆ ಪೂರ್ವದ್ದೆಂದು ಅವರಿಬ್ಬರೇ 1979ರಲ್ಲಿ ಸ್ಥಾಪಿಸಿದರು.

ಈ ಲಕ್ಷಣಕ್ಕೂ ಅವ್ಯಾಪ್ತಿಯುಂಟು. ವೊಲ್ಬಾಕಿಯವೆಂಬ ಅಣುಜೀವಿ ಹೊಕ್ಕ ಕೆಲವು ಸಂತತಿಗಳಲ್ಲಿ ಹೆಣ್ಣುಗಳೇ ಹುಟ್ಟುವುವು. ಗಂಡೇ ಇಲ್ಲದಲ್ಲಿ ಗಂಡಿನ ಲಕ್ಷಣವನ್ನು ನೋಡುವುದೆಲ್ಲಿ? ಇಲ್ಲಿಯೇ ವಂಶವಾಹಿಚಿಹ್ನೆಗಳ ಉಪಯೋಗ. ಡಿಎನ್‌ಎಯಲ್ಲಿ ಐಟಿಎಸ್-2 ಎಂಬ ಭಾಗದ ಅಕ್ಷರಕ್ರಮವು ಜಾತಿಯಿಂದ ಜಾತಿಗೆ ಬೇರೆಯಾಗಿ, ಒಂದೇ ಹೆಣ್ಣಿನಿಂದಲೂ ನಿರ್ಣಯವನ್ನು ಸಾಧ್ಯಗೊಳಿಸುತ್ತದೆ.

ಹಾಗಾದರೆ ಇದೇ ಪರಮಪ್ರಮಾಣವೆನ್ನಬಹುದೆ? ಎನ್ನಲಾಗದು. ಅಕ್ಷರಕ್ರಮವು ತಾನಾಗಿ ಹೆಸರನ್ನು ಹೇಳದು. ಪೂರ್ವದಲ್ಲಿ ಹೆಸರು ನಿಶ್ಚಿತವಾದ ಒಂದು ಮಾದರಿಯೊಡನೆ ಹೋಲಿಸಿದಾಗಲೇ ಅದು ಹೆಸರಾಗುತ್ತದೆ. ಆಸ್ಟ್ರಾಲಿಕಮ್ ಎಂಬ ಭ್ರಾಂತಿಯಿದ್ದ ಕಾಲದಲ್ಲಿಯೇ ಈ ಪರೀಕ್ಷೆ ನಡೆದಿದ್ದರೆ, ಆ ಭ್ರಾಂತಿಯೇ ಪ್ರಮಾಣದ ಮುದ್ರೆಯನ್ನು ಹೊತ್ತು ನಿಲ್ಲುತ್ತಿತ್ತು. ಮೈಟೊಕಾಂಡ್ರಿಯದ ಚಿಹ್ನೆಯಲ್ಲಿ ಇನ್ನೊಂದು ಸಂದೇಹವುಂಟು: ಅದು ತಾಯಿಯಿಂದ ಬರುವುದು, ವೊಲ್ಬಾಕಿಯವೂ ಬಹುತೇಕ ಹಾಗೆಯೇ. ಅಣುಜೀವಿ ಹರಡಿದಂತೆ ಜೊತೆಯ ಚಿಹ್ನೆಯೂ ಹರಡಿ, ವಂಶದ ನಿಜವಾದ ಇತಿಹಾಸವನ್ನು ಮರೆಮಾಡಬಲ್ಲದು.

ಆದಕಾರಣ ಹೊಸ ಲಕ್ಷಣವು ಹಳೆಯದನ್ನು ಬಾಧಿಸುವುದಿಲ್ಲ, ಅದನ್ನು ಆಶ್ರಯಿಸಿಯೇ ನಿಲ್ಲುತ್ತದೆ. ಡಿಎನ್‌ಎ ಓದಿದ ಕಣಜದ ಸಜಾತೀಯ ಗಂಡುಗಳನ್ನು ದೊರೆತಲ್ಲೆಲ್ಲ ಕಾದಿರಿಸಿ, ಸಂಶಯ ಬಂದಾಗ ಮರಳಿ ನೋಡುವಂತೆ ಇಡತಕ್ಕದ್ದು. ಇನ್ನೊಂದು ಮಾತು: ಚಿಹ್ನೆಯು ಜಾತಿಯನ್ನು ಹೇಳುವುದೇ ಹೊರತು ಸಾಮರ್ಥ್ಯವನ್ನಲ್ಲ. ಒಂದೇ ಜಾತಿಯ ಎರಡು ಸಂತತಿಗಳಲ್ಲಿ ಒಂದು ಬಿಸಿಲನ್ನು ತಾಳಬಹುದು, ಇನ್ನೊಂದು ತಾಳದಿರಬಹುದು. ಅದರ ನಿರ್ಣಯ ಗದ್ದೆಯಲ್ಲಿಯೇ ಆಗಬೇಕು. ಹೆಸರು ತಪ್ಪಿದರೆ ವಿದ್ವಾಂಸನಿಗೆ ಲಜ್ಜೆ. ರೈತನಿಗೆ ಬೆಳೆಯೇ ಹಾನಿ.