ಕೆಟ್ಟುನಿಂತ ಬಂದೂಕು, ಕಿವಿಗೆ ಬೀಳದ ದೂರು

ಭೌತವಿಜ್ಞಾನದ ಅಧ್ಯಾಪಕರು ಬಂದೂಕಿನ ಚರಿತ್ರೆಯನ್ನು ಏಕೆ ಓದಬೇಕು ಎಂದು ಕೇಳುವವರಿರಬಹುದು. ಸಿ.ಜೆ. ಚಿವರ್ಸ್ ಅವರ ‘ದ ಗನ್’ (2010) ಕೃತಿಯಲ್ಲಿ ಎಂ-16 ರೈಫಲ್ ಕುರಿತ ಭಾಗ ಈ ಪ್ರಶ್ನೆಗೆ ತಕ್ಕ ಉತ್ತರ ಕೊಡುತ್ತದೆ. ಚಿವರ್ಸ್ ಅಮೆರಿಕದ ಮರೀನ್ ದಳದಲ್ಲಿ ಅಧಿಕಾರಿಯಾಗಿದ್ದು ಅನಂತರ ಪತ್ರಕರ್ತರಾದವರು. ಗ್ಯಾಟ್ಲಿಂಗ್‌ನಿಂದ ಕಲಾಶ್ನಿಕೋವ್‌ವರೆಗೆ ವೇಗವಾಗಿ ಗುಂಡು ಹಾರಿಸುವ ಬಂದೂಕುಗಳು ಬೆಳೆದು ಬಂದ ಬಗೆ ಕೃತಿಯ ವಸ್ತು. ಅದರಲ್ಲಿ ವಿಯೆಟ್ನಾಂ ಯುದ್ಧದ ಭಾಗವನ್ನಷ್ಟೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

1967ರಲ್ಲಿ ಮರೀನ್ ದಳದ ಸೈನಿಕರ ಕೈಗೆ ಈ ಹೊಸ ರೈಫಲ್ ಬಂದಿತು. ಕಾದಾಟದ ನಡುವೆಯೇ ಅದು ಕೆಟ್ಟು ನಿಲ್ಲತೊಡಗಿತು. ಗುಂಡು ಹಾರಿದ ಮೇಲೆ ತೋಟಾದ ಖಾಲಿ ಹಿತ್ತಾಳೆ ಕೋಶ ಚೇಂಬರಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಗ ಸೈನಿಕ ನಳಿಗೆಯ ಬಾಯಿಯಿಂದ ಸರಳೊಂದನ್ನು ತೂರಿಸಿ ಕೋಶವನ್ನು ಹಿಂದಕ್ಕೆ ತಳ್ಳಬೇಕಾಗುತ್ತಿತ್ತು. ಅದೂ ಶತ್ರುವಿನ ಗುಂಡುಗಳು ಬರುತ್ತಿರುವಾಗ! ಆ ವರ್ಷದ ಜುಲೈ 21ರ ಕಾಳಗದಲ್ಲಿ ತನ್ನ ತುಕಡಿಯ 40 ಜನರ ರೈಫಲ್‌ಗಳು ಹೀಗೆ ಕೈಕೊಟ್ಟವೆಂದು ಒಬ್ಬ ಲೆಫ್ಟಿನೆಂಟ್ ಬರೆದ ಪತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಮೇಲಿನವರ ವಿವರಣೆ ಸರಳವಾಗಿತ್ತು: ಸೈನಿಕರು ಬಂದೂಕನ್ನು ಶುಚಿಯಾಗಿ ಇಟ್ಟುಕೊಳ್ಳುತ್ತಿಲ್ಲ.

ಈ ವಿವರಣೆ ಎಷ್ಟು ಸರಿ? ರೈಫಲ್‌ನೊಳಗೆ ನಡೆಯುವುದನ್ನು ಗಮನಿಸೋಣ. ಮದ್ದು ಉರಿದಾಗ ಒತ್ತಡ ಸುಮಾರು 3,500 ವಾಯುಭಾರಕ್ಕೆ ಏರುತ್ತದೆ. ಹಿತ್ತಾಳೆಯ ಕೋಶ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಅನಿಲ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದಂತೆ ತನ್ನ ಸ್ಥಿತಿಸ್ಥಾಪಕತೆಯಿಂದ ತುಸು ಕುಗ್ಗಿ ಸಡಿಲವಾಗುತ್ತದೆ. ಅನಂತರವೇ ಬೋಲ್ಟಿನ ಕೊಕ್ಕೆ ಅದನ್ನು ಹೊರಗೆಳೆಯಬೇಕು. ಸ್ವಲ್ಪ ಮೊದಲೇ ಎಳೆದರೆ ಏನಾದೀತು? ಇನ್ನೂ 100 ವಾಯುಭಾರದ ಒತ್ತಡ ಉಳಿದಿದೆ ಎಂದುಕೊಳ್ಳಿ. ಕೋಶದ ಪಾರ್ಶ್ವದ ವಿಸ್ತೀರ್ಣ ಸುಮಾರು 10 ಚದರ ಸೆಂ.ಮೀ. ಗೋಡೆಯ ಮೇಲಿನ ಲಂಬ ಬಲ 10,000 ನ್ಯೂಟನ್, ಘರ್ಷಣಾಂಕ 0.2 ಎಂದರೆ ಘರ್ಷಣಬಲ 2,000 ನ್ಯೂಟನ್. ಕೋಶದ ತಳವನ್ನು ಅನಿಲ ಹಿಂದಕ್ಕೆ ತಳ್ಳುತ್ತದೆ ನಿಜ. ಆದರೆ ಅಲ್ಲಿನ ವಿಸ್ತೀರ್ಣ ಕೇವಲ 0.6 ಚದರ ಸೆಂ.ಮೀ.ನಷ್ಟು, ಬಲ 600 ನ್ಯೂಟನ್. ಕೋಶದ ಗೋಡೆ ತಾನೇ ಸ್ವಲ್ಪ ಒತ್ತಡವನ್ನು ತಾಳಿಕೊಳ್ಳುವುದರಿಂದ ವಾಸ್ತವದ ಬಲ ಇದಕ್ಕಿಂತ ಕಡಿಮೆ. ಆದರೂ ಪುಟ್ಟ ಕೊಕ್ಕೆಯ ಮೇಲೆ ಬೀಳುವ ಹೊರೆ ಎಂಥದೆಂದು ಈ ಸ್ಥೂಲ ಲೆಕ್ಕ ತೋರಿಸುತ್ತದೆ. ಆ ರೈಫಲ್‌ಗಳ ಚೇಂಬರಿಗೆ ಕ್ರೋಮಿಯಂ ಲೇಪವಿರಲಿಲ್ಲ. ವಿಯೆಟ್ನಾಂನ ತೇವದ ಹವೆಯಲ್ಲಿ ಅದು ತುಕ್ಕು ಹಿಡಿದು ಕುಳಿ ಬಿದ್ದಾಗ ಘರ್ಷಣೆ ಇನ್ನೂ ಹೆಚ್ಚಿತು.

ಕೊಕ್ಕೆ ಮೊದಲೇ ಎಳೆಯಲು ಕಾರಣವೇನು? 1964ರಲ್ಲಿ ತೋಟಾದ ಮದ್ದನ್ನು ಬದಲಾಯಿಸಲಾಗಿತ್ತು. ಹೊಸದಾದ ‘ಬಾಲ್ ಪೌಡರ್’ ಗುಂಡಿಗೆ ಹಿಂದಿನಷ್ಟೇ ವೇಗ ಕೊಡುತ್ತಿತ್ತು. ಗುಂಡಿನ ವೇಗ ನಿರ್ಧಾರವಾಗುವುದು ನಳಿಗೆಯುದ್ದಕ್ಕೂ ಅನಿಲ ಮಾಡುವ ಒಟ್ಟು ಕೆಲಸದಿಂದ. ಬೋಲ್ಟನ್ನು ನಡೆಸುವುದಾದರೋ ನಳಿಗೆಯ ಒಂದು ರಂಧ್ರದ ಬಳಿಯ ಒತ್ತಡ. ಅಲ್ಲಿ ಹೊಸ ಮದ್ದಿನ ಒತ್ತಡ ಹೆಚ್ಚಾಗಿತ್ತು. ನಿಮಿಷಕ್ಕೆ 750ರ ಆಸುಪಾಸಿನಲ್ಲಿದ್ದ ಗುಂಡುಗಳ ದರ 1,000ದತ್ತ ಏರಿತು. ಬಿಡಿಭಾಗಗಳ ವೇಗವೂ ಅದೇ ಪ್ರಮಾಣದಲ್ಲಿ ಏರಿದರೆ ಚಲನಶಕ್ತಿ ಸುಮಾರು 1.8 ಪಟ್ಟಾಗುತ್ತದೆ. ಅಂದರೆ, ಸಿದ್ಧವಾಗುವ ಮೊದಲೇ ಕೋಶವನ್ನು ಜೋರಾಗಿ ಎಳೆದಂತಾಯಿತು. ಸಾಲದ್ದಕ್ಕೆ, ಮದ್ದಿಗೆ ಬೆರೆಸಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಮಸಿಯನ್ನೂ ಹೆಚ್ಚಿಸುತ್ತಿತ್ತು.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಹೊಸ ಮದ್ದಿನಿಂದ ಪರೀಕ್ಷಿಸಿದರೆ ಗುಂಡುಗಳ ದರ ನಿಗದಿತ ಮಿತಿಯನ್ನು ಮೀರುತ್ತಿತ್ತು. ಆದ್ದರಿಂದ ತಯಾರಕರಿಗೆ ಹಳೆಯ ಮದ್ದಿನಿಂದಲೇ ಪರೀಕ್ಷೆ ನಡೆಸಲು ಒಪ್ಪಿಗೆ ಸಿಕ್ಕಿತು. ಸೈನಿಕರಿಗೆ ಹೋದದ್ದು ಮಾತ್ರ ಹೊಸ ಮದ್ದಿನ ತೋಟಾ. ಅಮೆರಿಕದ ಸಂಸತ್ತಿನ ಇಕಾರ್ಡ್ ಉಪಸಮಿತಿ 1967ರ ಅಕ್ಟೋಬರ್‌ನ ವರದಿಯಲ್ಲಿ ಈ ವ್ಯವಹಾರವನ್ನು ಕಟುವಾಗಿ ಖಂಡಿಸಿತು. ಶುಚಿತ್ವದ ದೂರೂ ಪೂರ್ತಿ ಸುಳ್ಳಲ್ಲ. ಆದರೆ ಹೆಚ್ಚು ಆರೈಕೆ ಬೇಡವೆಂಬ ಹೆಸರಿನೊಂದಿಗೆ ಬಂದ ಬಂದೂಕು ಅದು; ಶುಚಿಗೊಳಿಸುವ ಸಾಮಗ್ರಿಯೂ ಸಾಕಷ್ಟು ಇರಲಿಲ್ಲ. ಹಾಗಿರುವಾಗ ತಪ್ಪನ್ನು ಸೈನಿಕನ ತಲೆಗೆ ಕಟ್ಟುವುದು ನ್ಯಾಯವೇ?

ಸೈನಿಕರ ಪತ್ರ ಮತ್ತು ನೆನಪುಗಳನ್ನು ಕಡತಗಳ ಜೊತೆಗಿಟ್ಟು ನೋಡಿರುವುದು ಚಿವರ್ಸ್ ಅವರ ಸಾಧನೆ. ಆದರೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ಸಾಕ್ಷ್ಯವೇ ಅಳತೆಯಲ್ಲ. 40 ರೈಫಲ್‌ಗಳು ಕೆಟ್ಟವು ಸರಿ, ಎಷ್ಟು ಗುಂಡು ಹಾರಿಸಿದ ಮೇಲೆ? ಛೇದ ತಿಳಿಯದೆ ವೈಫಲ್ಯದ ದರ ತಿಳಿಯದು. ನೊಂದ ತುಕಡಿಗಳ ಮಾತೇ ಹೆಚ್ಚಾಗಿ ಕೇಳಿಬರುವುದೂ ಸಹಜ. ಆದರೂ ಬೇರೆ ಬೇರೆ ತುಕಡಿಗಳವರು ಒಂದೇ ಬಗೆಯ ದೋಷವನ್ನು ಹೇಳಿದಾಗ ಅದು ಯಾದೃಚ್ಛಿಕವಲ್ಲ, ವ್ಯವಸ್ಥಿತ ದೋಷವೆಂದು ತಿಳಿಯಬೇಕು. ಎರಡನೆಯದು, ಕಲಾಶ್ನಿಕೋವ್‌ನೊಂದಿಗಿನ ಹೋಲಿಕೆ ಓದುಗರನ್ನು ‘ಅದು ಒಳ್ಳೆಯದು, ಇದು ಕೆಟ್ಟದ್ದು’ ಎಂಬ ಸುಲಭ ತೀರ್ಮಾನಕ್ಕೆ ಒಯ್ಯಬಹುದು. ಚೇಂಬರಿಗೆ ಕ್ರೋಮಿಯಂ ಲೇಪ, ಬದಲಾದ ಬಫರ್, ಶುಚಿಗೊಳಿಸುವ ಸಲಕರಣೆ, ತರಬೇತಿ ಇವೆಲ್ಲ ಬಂದ ಮೇಲೆ ಅದೇ ವಿನ್ಯಾಸ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು. ವಿಶ್ವಾಸಾರ್ಹತೆ ಬಂದೂಕೊಂದರ ಗುಣವಲ್ಲ. ಮದ್ದು, ಲೋಹ, ಹವೆ, ಆರೈಕೆ ಎಲ್ಲ ಕೂಡಿದ ವ್ಯವಸ್ಥೆಯ ಗುಣ.

ನಮ್ಮ ಪ್ರಯೋಗಾಲಯಗಳಲ್ಲಿಯೂ ವಿದ್ಯಾರ್ಥಿಯ ಪಾಠಾಂಕ ಪುಸ್ತಕದ ಬೆಲೆಗೆ ಹೊಂದದಿದ್ದರೆ ‘ನೀನು ಸರಿಯಾಗಿ ಮಾಡಿಲ್ಲ’ ಎನ್ನುತ್ತೇವೆ. ನಾನೂ ಹಾಗೆ ಅಂದಿದ್ದೇನೆ. ಮೂರು ತಂಡಗಳು ಒಂದೇ ದಿಕ್ಕಿನಲ್ಲಿ ತಪ್ಪಿದರೆ ಮೊದಲು ಪರೀಕ್ಷಿಸಬೇಕಾದದ್ದು ಉಪಕರಣವನ್ನು. ತರಗತಿಯಲ್ಲಿ ಇದನ್ನು ಮರೆತರೆ ಒಂದೆರಡು ಅಂಕ ಹೋಗಬಹುದು. ವಿಯೆಟ್ನಾಂನಲ್ಲಿ ಮರೆತದ್ದಕ್ಕೆ ಸೈನಿಕರು ಪ್ರಾಣ ತೆತ್ತರು.