ವಿದ್ಯಾರ್ಥಿರಂಗದ ಸಾಮಾಜಿಕರು

ಕುವೆಂಪು ಅವರ ‘ಜಲಗಾರ’, ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ಮೊದಲಾದ ಕೃತಿಗಳನ್ನು ಕುರಿತು ಬರೆದವರಲ್ಲಿ ಹಲವರು ಅವನ್ನು ಓದುವ ನಾಟಕಗಳೆಂದು ಕರೆದಿದ್ದಾರೆ. ಹಾಗೆ ಕರೆದೊಡನೆ ಅವುಗಳ ನಾಟಕತ್ವದ ವಿಚಾರವು ಮುಗಿದುಹೋಯಿತೆಂಬಂತೆ ಛಂದಸ್ಸು, ಶೈಲಿ, ದರ್ಶನಗಳ ಕಡೆಗೆ ತಿರುಗಿಬಿಡುವುದು ವಾಡಿಕೆಯಾಗಿದೆ. ಈ ನಿರ್ಣಯವು ಸುಳ್ಳೆಂದು ಹೇಳುವಂತಿಲ್ಲ, ಆದರೆ ಅವಸರದ್ದು. ನಾಟಕವು ದೃಶ್ಯಕಾವ್ಯವಾದುದರಿಂದ ಅದನ್ನು ಪರೀಕ್ಷಿಸುವವರು ಮೊದಲು ಕೇಳಬೇಕಾದ ಪ್ರಶ್ನೆ, ಅದರ ಸಾಮಾಜಿಕರು ಯಾರು ಎಂಬುದು. ನೋಟಕರಿಗೆ ನಮ್ಮ ಲಾಕ್ಷಣಿಕರು ಇಟ್ಟ ಈ ಹೆಸರು ಬಹು ಅರ್ಥವತ್ತಾದುದು. ಮೇಲೆ ಹೇಳಿದ ಕೃತಿಗಳು ಹುಟ್ಟಿದ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಸಂಜೆಗಳು ಹೇಗೆ ಕಳೆಯುತ್ತಿದ್ದವು, ಅವರು ಯಾವ ರಂಗವನ್ನು ನೋಡಿ ಬೆಳೆದರು, ಯಾವ ರಂಗವನ್ನು ತಾವೇ ಕಟ್ಟಿಕೊಂಡರು ಎಂಬುದನ್ನು ಬಿಟ್ಟು ಈ ನಾಟಕಗಳ ಆಕಾರವನ್ನು ವಿವರಿಸುವುದು ಸಾಧ್ಯವಿಲ್ಲ.

ಮೈಸೂರು ನಗರದಲ್ಲಿ ಆಗ ನಾಟಕವೆಂದರೆ ಮೊದಲು ನೆನಪಾಗುತ್ತಿದ್ದುದು ರಂಗಾಚಾರ್ಲು ಸ್ಮಾರಕ ಪುರಭವನ. ದಿವಾನ್ ರಂಗಾಚಾರ್ಲು ಅವರು 1883ರಲ್ಲಿ ತೀರಿಕೊಂಡ ಮರುವರ್ಷ ಅವರ ನೆನಪಿಗಾಗಿ ಆರಂಭವಾದ ಈ ಕಟ್ಟಡವು ದೊಡ್ಡ ಗಡಿಯಾರದ ಮಗ್ಗುಲಲ್ಲಿದೆ. ಗಡಿಯಾರದ ಗೋಪುರವಾದರೋ ಪುರಭವನಕ್ಕಿಂತ ಈಚಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದುದು. ಅಲ್ಲಿಂದ ಅಶೋಕ ರಸ್ತೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಲಷ್ಕರ್ ಮೊಹಲ್ಲಾ. ಲಷ್ಕರ್ ಎಂದರೆ ದಂಡು. ದಂಡಿನ ಹೆಸರನ್ನು ಹೊತ್ತ ಈ ಮೊಹಲ್ಲಾದಲ್ಲಿ ಕನ್ನಡದೊಡನೆ ಉರ್ದುವೂ ತಮಿಳೂ ಬೀದಿಯ ಮಾತುಗಳು. ಮಸೀದಿ, ಗುಡಿ, ಇಗರ್ಜಿಗಳು ಒಂದೇ ನಡಿಗೆಯಲ್ಲಿ ಕಾಣಸಿಗುತ್ತವೆ. ಕಂಪನಿ ನಾಟಕಗಳ ಸಾಮಾಜಿಕರು ಇಂಥ ಮೊಹಲ್ಲಾಗಳಿಂದ ಬಂದವರು. ಬಸವಪ್ಪಶಾಸ್ತ್ರಿಗಳ ಕಾಲದ ಅರಮನೆಯ ನಾಟಕಸಭೆಯಲ್ಲಿ ಅಂಕುರಿಸಿದ ರಂಗವು ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಕಂಪನಿಯ ಮೂಲಕ ಊರಿನ ಸೊತ್ತಾಯಿತು. ಹಾಡೇ ಅದರ ಜೀವ. ಮೆಚ್ಚಿದ ಹಾಡಿಗೆ ‘ಒನ್ಸ್ ಮೋರ್’ ಕೂಗಿದರೆ ಸತ್ತ ಪಾತ್ರವೂ ಎದ್ದು ಹಾಡಬೇಕು. ರಾತ್ರಿ ಆರಂಭವಾದುದು ಕೋಳಿ ಕೂಗುವ ಹೊತ್ತಿಗೆ ಮುಗಿಯಬೇಕು. ಪಂಡಿತರು ಇದನ್ನು ಹಳಿದರು. ಆದರೆ ಓದು ಬಾರದವನೂ ಶಾಸ್ತ್ರ ಬಲ್ಲವನೂ ಒಂದೇ ಮಾಡಿನ ಕೆಳಗೆ ಕುಳಿತು ಒಂದೇ ರಾಗಕ್ಕೆ ತಲೆದೂಗುವ ಇನ್ನೊಂದು ಸ್ಥಳವು ಆ ಕಾಲದ ಊರಿನಲ್ಲಿ ಸುಲಭವಾಗಿ ಸಿಕ್ಕುತ್ತಿರಲಿಲ್ಲ.

1916ರ ಜುಲೈ 27ರಂದು ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಇದಕ್ಕಿಂತ ಬೇರೆಯಾದ ಒಂದು ಸಭೆಯನ್ನು ಸೃಷ್ಟಿಸಿತು. ಅದರ ಮೊದಲನೆಯ ವೈಸ್ ಛಾನ್ಸಲರ್ ಎಚ್. ವಿ. ನಂಜುಂಡಯ್ಯನವರೇ ಹಿಂದಿನ ವರ್ಷ ಹುಟ್ಟಿದ ಸಾಹಿತ್ಯ ಪರಿಷತ್ತಿಗೂ ಮೊದಲ ಅಧ್ಯಕ್ಷರಾಗಿದ್ದರೆಂಬುದು ಕನ್ನಡದ ಪುಣ್ಯ. ಆದರೂ ಕಾಲೇಜಿನ ಸಾಮೂಹಿಕ ಜೀವನದ ಭಾಷೆ ಬಹುಕಾಲ ಇಂಗ್ಲಿಷೇ ಆಗಿತ್ತು. ಅದರ ಮುಖ್ಯ ವಿನೋದವೆಂದರೆ ಯೂನಿಯನ್ನಿನ ಚರ್ಚಾಕೂಟ. ಮಹಾರಾಜಾ ಕಾಲೇಜಿನಲ್ಲಿ 1930ರಲ್ಲಿ ಬಿ. ಎ. ಮುಗಿಸಿದ ಆರ್. ಕೆ. ನಾರಾಯಣ್ ಅವರು 1937ರಲ್ಲಿ ಪ್ರಕಟಿಸಿದ ‘ಬ್ಯಾಚುಲರ್ ಆಫ್ ಆರ್ಟ್ಸ್’ ಕಾದಂಬರಿಯು ಇಂತಹ ಒಂದು ಚರ್ಚಾಕೂಟದಿಂದಲೇ ಆರಂಭವಾಗುತ್ತದೆ. ಕಲ್ಪಿತ ಊರಿನ ಕಲ್ಪಿತ ಕಾಲೇಜಾದರೂ ವಾತಾವರಣವು ಅಪರಿಚಿತವಲ್ಲ. ಒಬ್ಬನು ವಿಷಯವನ್ನು ಮಂಡಿಸುವುದು, ಇನ್ನೊಬ್ಬನು ಖಂಡಿಸುವುದು, ಸಭೆಯು ನಕ್ಕು ಕೈತಟ್ಟುವುದು, ಕೊನೆಗೆ ಮತಕ್ಕೆ ಹಾಕುವುದು, ಇದು ಅಂದಿನ ವಿದ್ಯಾವಂತ ತರುಣನಿಗೆ ಅತ್ಯಂತ ಪರಿಚಿತವಾದ ಪ್ರದರ್ಶನ. ಕರ್ಣಾಟಕ ಸಂಘಗಳು ಇದೇ ಸಭೆಗೆ ಕನ್ನಡವನ್ನು ತಂದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹುಟ್ಟಿತು. ಮೈಸೂರಿನಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿ ತೆರೆಯಿತು. ವಿದ್ಯಾರ್ಥಿಯು ಕನ್ನಡದಲ್ಲಿ ಎದ್ದು ಮಾತಾಡುವುದು ನಾಚಿಕೆಗೇಡಲ್ಲವೆಂದು ಸಾಧಿಸಲು ಇಷ್ಟೆಲ್ಲ ಬೇಕಾಯಿತೆಂಬುದನ್ನು ಇಂದಿನ ಅಧ್ಯಾಪಕರು ಮರೆಯಬಾರದು.

‘ಜಲಗಾರ’ವು 1928ರದು, ಎಂದರೆ ಕವಿಯು ಇನ್ನೂ ಎಂ. ಎ. ವಿದ್ಯಾರ್ಥಿಯಾಗಿದ್ದಾಗಿನ ಕೃತಿ. ಅದರ ಕಥೆ ಎಲ್ಲರೂ ಬಲ್ಲದ್ದು. ಪರ್ವದಿನ ಊರೆಲ್ಲ ಶಿವಗುಡಿಗೆ ನಡೆಯುತ್ತದೆ. ಬೀದಿ ಗುಡಿಸುವವನು ಮಾತ್ರ ಹೋಗುವುದಿಲ್ಲ, ಹೋದರೂ ಒಳಗೆ ಸೇರಿಸುವವರಿಲ್ಲ. ಕಡೆಯಲ್ಲಿ ಶಿವನೇ ಜಲಗಾರನ ವೇಷದಿಂದ ಅವನಿದ್ದೆಡೆಗೆ ಬರುತ್ತಾನೆ. ವಿಮರ್ಶಕರ ದೃಷ್ಟಿಯು ಸಾಮಾನ್ಯವಾಗಿ ಈ ಕಡೆಯ ದರ್ಶನದ ಮೇಲೆಯೇ ನೆಟ್ಟಿರುತ್ತದೆ. ಅದಕ್ಕೆ ಮೊದಲಿನ ಭಾಗದ ನಡೆಯನ್ನು ಗಮನಿಸಿದವರು ಕಡಮೆ. ಅಲ್ಲಿ ಕ್ರಿಯೆಯೆಂಬುದು ಬಹಳ ಸ್ವಲ್ಪ. ರೈತ, ಬ್ರಾಹ್ಮಣ, ತರುಣರು, ಭಿಕ್ಷುಕ ಹೀಗೆ ಒಬ್ಬೊಬ್ಬರಾಗಿ ಬರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಪಕ್ಷವನ್ನು ಆಡಿ ಹೋಗುತ್ತಾರೆ. ಕಸಬರಿಕೆ ಹಿಡಿದವನು ಇದ್ದಲ್ಲೇ ಇದ್ದು ಉತ್ತರವಾಗುತ್ತಾನೆ. ಇದನ್ನು ಕಂಪನಿ ರಂಗದ ಅಳತೆಯಿಂದ ನೋಡಿದರೆ ನಾಟಕವೇ ಅಲ್ಲ. ಚರ್ಚಾಕೂಟದ ಅಳತೆಯಿಂದ ನೋಡಿದರೆ ಬಹು ಕುಶಲವಾದ ಕಟ್ಟಡ: ದೇವರ ಸೇವೆ ಯಾವುದು ಎಂಬ ವಿಷಯವನ್ನು ಮಂಡಿಸಿ, ಪಕ್ಷಪ್ರತಿಪಕ್ಷಗಳನ್ನು ಮುಗಿಸಿ, ತೀರ್ಪನ್ನು ಮಾತ್ರ ಸಭೆಯ ಕೈಗೆ ಕೊಡದೆ ಶಿವನ ಕೈಗೆ ಕೊಟ್ಟಿದೆ. ಅಂದಿನ ವಿದ್ಯಾರ್ಥಿಯ ಕಿವಿಗೆ ಈ ನಡೆ ಅತಿ ಸಹಜವಾಗಿ ಕೇಳಿರಬೇಕು. ಓದುನಾಟಕವೆಂದು ನಾವು ಹೇಳುವುದು ಅವನಿಗೆ ಮಾತಿನ ಆಟವಾಗಿತ್ತು. ಮಾತೇ ಅವನು ಕಂಡ ಆಟ. ಗಾಂಧೀಜಿಯವರು 1927ರಲ್ಲಿ ಸಂಸ್ಥಾನದಲ್ಲಿ ತಿಂಗಳುಗಟ್ಟಲೆ ತಂಗಿದ್ದುದನ್ನೂ, 1924–25ರ ವೈಕಂ ಸತ್ಯಾಗ್ರಹದ ಸುದ್ದಿಯು ಇನ್ನೂ ಹಸಿಯಾಗಿದ್ದುದನ್ನೂ ನೆನೆದರೆ ಚರ್ಚೆಯ ವಿಷಯವು ಪುಸ್ತಕದಿಂದ ಬಂದುದಲ್ಲವೆಂಬುದೂ ತಿಳಿಯುತ್ತದೆ.

ನಾಟಕದ ಹೊರ ಅನುಕೂಲಗಳೂ ಹಾಗೆಯೇ. ರಂಗದ ಮೇಲೆ ಒಂದು ಬೀದಿಯಿದ್ದರೆ ಬಹುಮಟ್ಟಿಗೆ ಸಾಕು. ಸಿಂಹಾಸನ, ಪರದೆ, ಆನೆಗಳು ಬೇಡ. ಹೆಂಗಸರ ಪಾತ್ರಗಳ ಭಾರವಿಲ್ಲ. ಹೆಣ್ಣುಮಕ್ಕಳು ಮಹಾರಾಣಿ ಕಾಲೇಜಿನಲ್ಲಿ ಓದುತ್ತಿದ್ದ, ಮೀಸೆ ಬೋಳಿಸಿದ ತರುಣನೇ ಸೀರೆಯುಡಬೇಕಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಅದೇ ಕವಿಯ ‘ಯಮನ ಸೋಲು’ವಿನಲ್ಲಿ ಸಾವಿತ್ರಿಯಿದ್ದಾಳೆ, ನಿಜ. ಆದರೆ ಆಕೆಯೂ ವಾದದಲ್ಲಿಯೇ ಗೆಲ್ಲುವವಳು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಈ ಆಕಾರಕ್ಕೆ ಕಾರಣವು ಕಾಲೇಜಿನ ಸಂಜೆಗಳಲ್ಲ, ಗ್ರೀಕ್ ನಾಟಕಗಳ ಮತ್ತು ಷೇಕ್ಸ್‌ಪಿಯರನ ಪ್ರಭಾವವೆಂದು ಹೇಳಬಹುದು. ಪ್ರಭಾವವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದ ರೂಪಾಂತರವೆಂಬುದೂ, ‘ಪಾರಸಿಕರು’ (1935) ಈಸ್ಕಿಲಸನದೆಂಬುದೂ ಪ್ರಸಿದ್ಧ. ಆದರೆ ಗ್ರೀಕರ ಅಷ್ಟೊಂದು ನಾಟಕಗಳಲ್ಲಿ ‘ಏಜಾಕ್ಸ್’ ಇಲ್ಲಿ ಬೇರೂರಿದುದು ಏಕೆ? ಆ ನಾಟಕದ ಅರ್ಧದಲ್ಲಿಯೇ ವೀರನು ಸತ್ತುಹೋಗುತ್ತಾನೆ. ಮಿಕ್ಕ ಅರ್ಧವೆಲ್ಲ ಅವನ ಶವಕ್ಕೆ ಸಂಸ್ಕಾರ ಸಲ್ಲಬೇಕೆ ಬೇಡವೆ ಎಂಬ ವಿವಾದ. ಕನ್ನಡದಲ್ಲಿ ಸತ್ತವನ ಪಕ್ಷವನ್ನು ಏಕಲವ್ಯನು ವಹಿಸಿಕೊಳ್ಳುತ್ತಾನೆ. ಮಹಾಭಾರತದಲ್ಲಿ ಹೆಬ್ಬೆರಳನ್ನು ಕೊಟ್ಟು ಮೌನವಾದವನಿಗೆ ಇಲ್ಲಿ ಮಾತು ದೊರೆತಿದೆ. ಶ್ರೀಕಂಠಯ್ಯನವರ ಪ್ರತಿಭೆಯ ಪ್ರಮಾಣಕ್ಕೆ ಇದೊಂದೇ ಸಾಕು. ಚಿರಂಜೀವಿಯೆಂದು ನಂಬಿದ ಅಶ್ವತ್ಥಾಮನು ರಂಗದ ಮೇಲೆ ಸಾಯುವುದನ್ನು ಸಂಪ್ರದಾಯಸ್ಥರು ಒಪ್ಪಲಿಲ್ಲ. ಒಪ್ಪಿದವರು, ದುರಂತವೆಂದರೇನೆಂಬುದನ್ನು ತರಗತಿಯಲ್ಲಿ ಕೇಳಿ ಬಂದ ಸಾಮಾಜಿಕರು.

ಗ್ರೀಕ್ ಹೋಲಿಕೆಯನ್ನು ಎತ್ತಿದವರು ಅಲ್ಲಿಗೇ ನಿಲ್ಲದೆ ಇನ್ನೊಂದು ಹೆಜ್ಜೆ ಹೋಗಬೇಕಾಗಿತ್ತು. ಅಥೆನ್ಸಿನಲ್ಲಿ ಆ ನಾಟಕಗಳು ಡಯೊನೈಸಸ್ ದೇವತೆಯ ಉತ್ಸವದಲ್ಲಿ ನಡೆದವು. ಬಯಲಿನ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ಪೌರರು ಕುಳಿತು ನೋಡಿದರು. ಅಲ್ಲಿಯ ಮೇಳದವರು ಸಾಮಾನ್ಯ ನಾವಿಕರಾದರೆ, ನೋಡುವವರಲ್ಲಿಯೂ ಹುಟ್ಟು ಹಾಕಿ ಕೈ ಜಡ್ಡುಗಟ್ಟಿದವರಿದ್ದರು. ಎಂದರೆ ಅದು ಊರಹಬ್ಬದ ಆಟ. ನಮ್ಮಲ್ಲಿ ಅದಕ್ಕೆ ಹತ್ತಿರವಾದುದು ಕಾಲೇಜಿನ ಸಭಾಂಗಣವಲ್ಲ, ವರದಾಚಾರ್ಯರು ಹಾಡಿದ ಪುರಭವನ. ವಿಶ್ವವಿದ್ಯಾನಿಲಯದ ನಾಟಕಕಾರರು ಗ್ರೀಕರಿಂದ ಆಕಾರವನ್ನು ತಂದರು. ಆ ಆಕಾರಕ್ಕೆ ಅರ್ಥ ಕೊಟ್ಟಿದ್ದ ಸಭೆಯನ್ನು ಹಿಂದೆಯೇ ಬಿಟ್ಟು ಬಂದರು. ಅವರ ತಪ್ಪೆಂದು ಇದನ್ನು ಎಣಿಸುವುದು ಅನ್ಯಾಯ. ಕಂಪನಿ ರಂಗವು ತಾನೇ ಆಗ ಕುಂದುತ್ತಿತ್ತು. ವರದಾಚಾರ್ಯರು 1926ರಲ್ಲಿ ತೀರಿಕೊಂಡರು. 1934ರಲ್ಲಿ ‘ಸತಿ ಸುಲೋಚನ’ ವಾಕ್ಚಿತ್ರವು ಬಂದಮೇಲೆ ಊರಿನ ಸಾಮಾಜಿಕರು ಬೇರೆ ಕಡೆಗೆ ಹೊರಟರು. ಎರಡು ಸಭೆಗಳು ಕೂಡಬಹುದಾಗಿದ್ದ ಕಾಲವು ಹತ್ತು ವರ್ಷವೂ ಇರಲಿಲ್ಲ.

ಕೂಡಿಸಬಲ್ಲವರೊಬ್ಬರಿದ್ದರು, ಟಿ. ಪಿ. ಕೈಲಾಸಂ. ಅವರೂ ಪದವೀಧರರೇ, ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಕಲಿತು ಬಂದವರು. ಪರೀಕ್ಷೆಯಲ್ಲಿ ಗೆದ್ದ ಮಗನು ಟೊಳ್ಳು, ಸೋತವನು ಗಟ್ಟಿ ಎಂಬ ಅವರ ನಾಟಕವು, ವಿಶ್ವವಿದ್ಯಾನಿಲಯಕ್ಕೆ ಎರಡು ವರ್ಷ ತುಂಬುವಷ್ಟರಲ್ಲಿಯೇ, ಅದರ ಫಲವನ್ನು ಹಿಸುಕಿ ನೋಡಿತು. ಇಂಗ್ಲಿಷ್ ಬೆರೆತ ಮನೆಮಾತನ್ನು ಅವರು ರಂಗಕ್ಕೆ ತಂದುದನ್ನು ಎಲ್ಲರೂ ಹೊಗಳುತ್ತಾರೆ. ಆ ಮಾತು ಒಂದು ವರ್ಗದ ಜಗಲಿಯ ಮಾತು ಎಂಬುದನ್ನು ಹೇಳುವವರು ವಿರಳ. ಇಂಗ್ಲಿಷ್ ತಿಳಿಯದವನಿಗೆ ಅದರ ಅರ್ಧ ನಗೆ ದಕ್ಕದು. ಆದರೂ ಲಷ್ಕರ್ ಮೊಹಲ್ಲಾದವನೊಬ್ಬನು ಬಂದು ಕುಳಿತಿದ್ದರೆ ಕೈಲಾಸಂ ನಾಟಕದಲ್ಲಿ ಅವನು ನಕ್ಕಾನು, ‘ಅಶ್ವತ್ಥಾಮನ್’ ನಾಟಕದಲ್ಲಿ ಬೆರಗಾಗಿ ಸುಮ್ಮನಿದ್ದಾನು.

‘ಜಲಗಾರ’ದ ಮುಂದೆ ಅವನು ಏನು ಮಾಡುತ್ತಿದ್ದನೆಂಬುದು ಇವೆರಡಕ್ಕಿಂತ ತೊಡಕಿನ ಪ್ರಶ್ನೆ. ಏಕೆಂದರೆ ಅದು ಅವನ ಬೀದಿಯ ನಾಟಕ. 1897–98ರ ಪ್ಲೇಗು ಮೈಸೂರನ್ನು ನಡುಗಿಸಿದ ಮೇಲೆ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಹುಟ್ಟಿ, ಇಕ್ಕಟ್ಟಾದ ಮೊಹಲ್ಲಾಗಳ ನೈರ್ಮಲ್ಯವು ರಾಜ್ಯದ ಕಾರ್ಯವಾಯಿತು. ಅಗಲವಾದ ಬೀದಿಗಳನ್ನು ಮುಂಜಾನೆ ಗುಡಿಸುವ ಕೈಗಳು ಮಾತ್ರ ಹಿಂದಿನವೇ. ಕವಿಯು ಓದುತ್ತಿದ್ದುದು ಇಂಥ ನಗರದಲ್ಲಿ. (ಉತ್ತರ ಕರ್ನಾಟಕದಲ್ಲಿ ಹೊಳೆಯ ಮರಳನ್ನು ತೊಳೆದು ಚಿನ್ನದ ಕಣ ತೆಗೆಯುವವರಿಗೂ ಜಲಗಾರರೆಂಬ ಹೆಸರುಂಟು, ಧೂಳಿನಲ್ಲಿ ಶಿವನನ್ನು ಕಾಣಿಸಿದ ನಾಟಕಕ್ಕೆ ಈ ಅರ್ಥವೂ ಒಗ್ಗುತ್ತದೆ.) ಗುಡಿಯ ಬಾಗಿಲು ಜಲಗಾರನಿಗೆ ಮುಚ್ಚಿದೆಯೆಂದು ನಾಟಕವು ಹೇಳುತ್ತದೆ. ನಾಟಕವನ್ನು ಆಡಿದ ಸಭಾಂಗಣದ ಬಾಗಿಲು ಎಷ್ಟು ತೆರೆದಿತ್ತು? ಅಲ್ಲಿ ಯಾರೂ ಅವನನ್ನು ತಡೆದಿರಲಾರರು. ಆದರೆ ಆ ಪದ್ಯ, ಆ ಸಂಸ್ಕೃತಭೂಯಿಷ್ಠವಾದ ವಾದಸರಣಿ, ಆ ಸಭೆಯ ಅಂಗಿಕೋಟುಗಳು ಒಂದು ಹೊಸ್ತಿಲಾಗಿದ್ದವು. ಅವನ ಪರವಾಗಿ ಶಿವನು ತೀರ್ಪು ಹೇಳುವಾಗ ಕೇಳಲು ಅವನು ಅಲ್ಲಿರಲಿಲ್ಲ.

ಇಷ್ಟಾದರೂ ಈ ನಾಟಕವು ಸತ್ತಿಲ್ಲ. ಶಾಲೆ ಕಾಲೇಜುಗಳಲ್ಲಿ ಅದನ್ನು ಮತ್ತೆ ಮತ್ತೆ ಆಡುತ್ತ ಬಂದಿದ್ದಾರೆ. ಹಾಗೆ ಉಳಿಸಿದುದು ಅದರ ವಾದಭಾಗವೆಂದು ತೋರುವುದಿಲ್ಲ. ಪಾತ್ರಗಳ ವಾದವನ್ನು ನೋಟಕನು ಮನೆ ಸೇರುವಷ್ಟರಲ್ಲಿ ಮರೆಯುತ್ತಾನೆ. ನಡುನಡುವೆ ಕವಿಯು ಇಟ್ಟಿರುವ ಹಾಡುಗಳನ್ನು ಮರೆಯುವುದಿಲ್ಲ. ಕಾಲೇಜಿನ ರಂಗವು ಹಾಡನ್ನು ಕಂಪನಿಯವರ ಚಟವೆಂದು ದೂರ ಮಾಡಿದ್ದ ದಿನಗಳಲ್ಲಿಯೇ, ಅದರ ಅತ್ಯಂತ ಗಂಭೀರನಾದ ವಿದ್ಯಾರ್ಥಿಕವಿಯು ಕಸಬರಿಕೆಯವನ ಬಾಯಿಗೆ ಹಾಡನ್ನು ಕೊಟ್ಟನು. ಪುರಭವನದ ಸಾಮಾಜಿಕರು ಆ ನಾಟಕದಲ್ಲಿ ‘ಒನ್ಸ್ ಮೋರ್’ ಕೂಗಬಹುದಾಗಿದ್ದ ಸ್ಥಳಗಳು ಅವೇ.